ಶಾಂಪೂ ಹಾಕಿದರೆ ನೆತ್ತಿ ಉರಿಯುತ್ತದೆ: ಸೌಮ್ಯವಾದದ್ದನ್ನು ಆರಿಸುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಪೂರ್ತಿ ಬೋರ್‌ವೆಲ್ ನೀರು. ಒಂದು ವರ್ಷದಿಂದ ತಲೆಸ್ನಾನ ಮಾಡಿದ ಕೂಡಲೇ ನೆತ್ತಿ ಬಿಗಿದು ಉರಿಯುತ್ತದೆ. ಕೆಲವು ಸಲ ಒಂದೆರಡು ದಿನ ಬಿಟ್ಟು ಹಣೆಯಂಚಿನಲ್ಲಿ, ಕಿವಿಯ ಹಿಂದೆ ತುರಿಕೆ, ಕೆಂಪು. ಸಲ್ಫೇಟ್ ಇಲ್ಲದ ಶಾಂಪೂ, ಗಿಡಮೂಲಿಕೆಯದ್ದು, ಮಕ್ಕಳ ಶಾಂಪೂ ಎಲ್ಲವನ್ನೂ ಬಳಸಿ ನೋಡಿದೆ. ಯಾವುದೂ ಒಗ್ಗಲಿಲ್ಲ. ಉರಿಗೆ ಹೆದರಿ ಈಗ ಹತ್ತು ದಿನಕ್ಕೊಮ್ಮೆ ಮಾತ್ರ ತಲೆಸ್ನಾನ. ತಿಂಗಳಿಗೊಮ್ಮೆ ಬಿಳಿಕೂದಲಿಗೆ ಹರ್ಬಲ್ ಪುಡಿಯ ಬಣ್ಣ ಹಚ್ಚುತ್ತೇನೆ. ಯಾವ ಶಾಂಪೂ ಕೊಳ್ಳಲಿ?

ಉತ್ತರ: ಶಾಂಪೂವಿನ ಹೆಸರು ಹೇಳುವ ಮೊದಲು ನಿಮ್ಮ ತೊಂದರೆ ಯಾವುದೆಂದು ಗೊತ್ತಾಗಬೇಕು. ನೀವು ಬರೆದದ್ದರಲ್ಲಿ ಒಂದಲ್ಲ, ಎರಡು ತೊಂದರೆಗಳ ಲಕ್ಷಣ ಕಾಣುತ್ತಿದೆ. ಸ್ನಾನವಾದ ಕೂಡಲೇ ಆಗುವ ಉರಿ, ಬಿಗಿತ ಒಂದು. ದಿನ ಬಿಟ್ಟು ಹಣೆಯಂಚಿನಲ್ಲಿ ಏಳುವ ತುರಿಕೆ ಇನ್ನೊಂದು. ಇವೆರಡರ ಕಾರಣವೂ ಪರಿಹಾರವೂ ಬೇರೆ. ಒಂದಕ್ಕೆ ಒಗ್ಗುವ ಬಾಟಲಿ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಮೂರು ಬಗೆಯ ಶಾಂಪೂ ಬದಲಿಸಿದರೂ ಗುಣ ಕಾಣದೇ ಇರುವುದಕ್ಕೆ ಇದೇ ಕಾರಣವಿರಬಹುದು.

ಮೊದಲನೆಯದು ಚರ್ಮ ಕೆರಳುವುದು. ಶಾಂಪೂವಿನ ತೊಳೆಯುವ ಅಂಶ ಚರ್ಮದ ಮೇಲ್ಪದರದ ಕೊಬ್ಬನ್ನು ಅಗತ್ಯಕ್ಕಿಂತ ಹೆಚ್ಚು ತೆಗೆದು, ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಉಬ್ಬಿಸುತ್ತದೆ. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಉರಿ, ಚುಚ್ಚಿದಂತಾಗುವುದು, ಬಿಗಿತ ಕಾಣಿಸುತ್ತದೆ. ನೋಡಿದರೆ ಅನೇಕ ಸಲ ಏನೂ ಕಾಣುವುದಿಲ್ಲ. ಪ್ರಮಾಣ ಹೆಚ್ಚಾದರೆ ಯಾರಿಗಾದರೂ ಹೀಗಾಗಬಹುದು. ಇದಕ್ಕೆ ಸೌಮ್ಯವಾದ ಶಾಂಪೂ, ಕಡಿಮೆ ಪ್ರಮಾಣ, ಕಡಿಮೆ ಹೊತ್ತು ಸಾಕು.

ಎರಡನೆಯದು ಅಲರ್ಜಿ. ಇಲ್ಲಿ ಪ್ರಮಾಣ ಮುಖ್ಯವಲ್ಲ. ದೇಹ ಯಾವುದೋ ಒಂದು ವಸ್ತುವನ್ನು ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ, ಅದು ಅತ್ಯಲ್ಪ ತಗುಲಿದರೂ ಸಾಕು. ಪ್ರತಿಕ್ರಿಯೆ ಸಾಮಾನ್ಯವಾಗಿ 24ರಿಂದ 72 ಗಂಟೆಯ ನಂತರ ಏಳುತ್ತದೆ. ಉರಿಗಿಂತ ತುರಿಕೆ ಹೆಚ್ಚು. ಎಲ್ಲಿ ಏಳುತ್ತದೆ ಎಂಬುದನ್ನು ಗಮನಿಸಿ. ನೆತ್ತಿಯ ಚರ್ಮ ದಪ್ಪ, ಅದು ಬಹುಪಾಲು ತಪ್ಪಿಸಿಕೊಳ್ಳುತ್ತದೆ. ನೊರೆ ಹರಿದುಹೋಗುವ ದಾರಿಯಲ್ಲಿರುವ ತೆಳು ಚರ್ಮ ಸಿಕ್ಕಿಬೀಳುತ್ತದೆ: ಹಣೆಯಂಚು, ರೆಪ್ಪೆ, ಕಿವಿ, ಕಿವಿಯ ಹಿಂಭಾಗ, ಕತ್ತಿನ ಎರಡು ಪಕ್ಕ. ರೆಪ್ಪೆ ಊದಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗುವವರಲ್ಲಿ ಕೆಲವರ ತೊಂದರೆ ನಿಜವಾಗಿ ಶಾಂಪೂ ಅಥವಾ ಕೂದಲಿನ ಬಣ್ಣದಿಂದ ಬಂದದ್ದಾಗಿರುತ್ತದೆ.

ಮೂರನೆಯದನ್ನೂ ತಳ್ಳಿಹಾಕುವಂತಿಲ್ಲ, ಅದು ಹೊಟ್ಟು. ನೆತ್ತಿಯ ಜಿಡ್ಡನ್ನು ತಿಂದು ಬದುಕುವ ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ. ಕೆಲವರಲ್ಲಿ ಅದು ಬಿಡುವ ಕೊಬ್ಬಿನಾಮ್ಲ ಚರ್ಮವನ್ನು ಕೆರಳಿಸುತ್ತದೆ. ಹಳದಿ ಮಿಶ್ರಿತ, ಜಿಡ್ಡುಜಿಡ್ಡಾದ ಹೊಟ್ಟು, ಹುಬ್ಬಿನಲ್ಲಿ, ಮೂಗಿನ ಪಕ್ಕದ ಗೆರೆಯಲ್ಲಿ, ಕಿವಿಯ ಹಿಂದೆ ಕೆಂಪು ಸಿಪ್ಪೆ ಇದ್ದರೆ ಇದೇ ಇರಬೇಕು. ತೊಳೆದ ದಿನ ಹಾಯಾಗಿದ್ದು, ಮೂರ್ನಾಲ್ಕು ದಿನಕ್ಕೆ ತುರಿಕೆ ಹೆಚ್ಚುತ್ತಾ ಹೋಗುವುದು ಇದರ ಗುರುತು. ಹತ್ತು ದಿನ ತಲೆ ತೊಳೆಯದಿದ್ದರೆ ಈ ಶಿಲೀಂಧ್ರಕ್ಕೆ ಅನುಕೂಲ, ನಿಮಗಲ್ಲ. ಉರಿಗೆ ಹೆದರಿ ತಲೆಸ್ನಾನ ಕಡಿಮೆ ಮಾಡಿದ್ದರಿಂದ ಇನ್ನೊಂದು ತುರಿಕೆಯನ್ನು ಸೇರಿಸಿಕೊಂಡಿರುವ ಸಾಧ್ಯತೆ ಇದೆ.

ಇನ್ನು ನಿಮ್ಮ ಹರ್ಬಲ್ ಪುಡಿಯ ವಿಷಯ. ನನಗೆ ಶಾಂಪೂವಿಗಿಂತ ಮೊದಲು ಸಂಶಯ ಬರುವುದು ಇದರ ಮೇಲೆ. ಶುದ್ಧ ಮದರಂಗಿ ಕೂದಲಿಗೆ ಕೇಸರಿಗೆಂಪು ಬಣ್ಣ ಕೊಡುತ್ತದೆ, ಕಪ್ಪನ್ನು ಕೊಡುವುದಿಲ್ಲ. ಮದರಂಗಿಯ ಮೇಲೆ ನೀಲಿಗಿಡದ ಪುಡಿಯನ್ನು ಬೇರೆಯಾಗಿ ಹಚ್ಚಿ ಗಂಟೆಗಟ್ಟಲೆ ಬಿಟ್ಟರೆ ಕಪ್ಪಿಗೆ ಹತ್ತಿರದ ಬಣ್ಣ ಬರಬಹುದು. ನೀರಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟರೆ ಕಪ್ಪಗಾಗುವ ಪುಡಿಯಲ್ಲಿ ಪ್ಯಾರಾ ಫಿನೈಲಿನ್ ಡೈಅಮೀನ್, ಅಂದರೆ ಪಿಪಿಡಿ, ಇದೆಯೆಂದೇ ತಿಳಿಯಬೇಕು. ಪೊಟ್ಟಣದ ಮುಂದೆ ಎಲೆಯ ಚಿತ್ರವಿದ್ದರೂ ಹಿಂದಿನ ಸಣ್ಣ ಅಕ್ಷರದಲ್ಲಿ ಈ ಹೆಸರು ಸಿಗುತ್ತದೆ. ಕೂದಲಿನ ಬಣ್ಣದಿಂದ ಬರುವ ಅಲರ್ಜಿಯಲ್ಲಿ ಇದೇ ಮೊದಲ ಹೆಸರು. ವರ್ಷಗಟ್ಟಲೆ ಒಗ್ಗಿದ್ದ ಬಣ್ಣಕ್ಕೆ ಒಂದು ದಿನ ದೇಹ ತಿರುಗಿಬೀಳುವುದು ಅಪರೂಪವೇನಲ್ಲ. ಬಣ್ಣ ಹಚ್ಚಿ ಎರಡು ದಿನಕ್ಕೆ ತುರಿಕೆ ಎದ್ದಾಗ, ಅಷ್ಟರಲ್ಲಿ ಒಮ್ಮೆ ಶಾಂಪೂ ಹಾಕಿರುವುದರಿಂದ ಅಪವಾದ ಶಾಂಪೂ ಮೇಲೆ ಬರುತ್ತದೆ.

ಒಂದು ಕ್ಯಾಲೆಂಡರ್ ತೆಗೆದುಕೊಳ್ಳಿ. ಬಣ್ಣ ಹಚ್ಚಿದ ದಿನ, ಶಾಂಪೂ ಹಾಕಿದ ದಿನ, ಎಣ್ಣೆ ಹಚ್ಚಿದ ದಿನ, ತುರಿಕೆ ಎದ್ದ ದಿನ ಮತ್ತು ಜಾಗ ಗುರುತು ಮಾಡಿ. ಹಣೆಯಂಚಿನ ಕೆಂಪು ಪ್ರತಿ ತಿಂಗಳು ಬಣ್ಣದ ಬೆನ್ನಿಗೇ ಬರುತ್ತಿದ್ದರೆ ಉತ್ತರ ಅಲ್ಲೇ ಇದೆ. ಹೇಗಿದ್ದರೂ ಮುಂದಿನ ಆರರಿಂದ ಎಂಟು ವಾರ ಬಣ್ಣ ಬೇಡ. ಅಲರ್ಜಿ ಇರುವ ತಲೆಗೆ ಪಿಪಿಡಿ ಮತ್ತೆ ತಗುಲಿದರೆ ಪ್ರತಿ ಸಲ ಹಿಂದಿನದಕ್ಕಿಂತ ಜೋರಾಗಬಹುದು, ಮುಖ ಊದಿಕೊಂಡು ಆಸ್ಪತ್ರೆ ಸೇರಬೇಕಾಗಬಹುದು. ಇದೇ ಎಂಟು ವಾರದಲ್ಲಿ ಸುವಾಸನೆಯ ಎಣ್ಣೆ, ಸೀರಮ್, ಟೀ ಟ್ರೀ ಎಣ್ಣೆ, ಜೆಲ್ ಇವನ್ನೂ ನಿಲ್ಲಿಸಿ. ಎಲ್ಲವನ್ನೂ ಹಚ್ಚುತ್ತಲೇ ಶಾಂಪೂ ಮಾತ್ರ ಬದಲಿಸುತ್ತಿದ್ದರೆ ಯಾವುದು ಕಾರಣವೆಂದು ಎಂದಿಗೂ ಗೊತ್ತಾಗುವುದಿಲ್ಲ.

ಬಾಟಲಿಯ ಹಿಂಭಾಗ

ಈಗ ಶಾಂಪೂ. ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ, ಏಕೆಂದರೆ ಒಂದೇ ಬ್ರ್ಯಾಂಡಿನ ಎರಡು ಬಾಟಲಿಗಳಲ್ಲಿ ಒಂದು ಸೌಮ್ಯ, ಒಂದು ತೀಕ್ಷ್ಣ ಇರಬಹುದು, ಕಂಪನಿಗಳು ಹೆಸರು ಹಾಗೇ ಇಟ್ಟು ಒಳಗಿನದನ್ನು ಬದಲಿಸುವುದೂ ಉಂಟು. ಬಾಟಲಿಯ ಹಿಂದಿರುವ ವಸ್ತುಗಳ ಪಟ್ಟಿಯನ್ನು ಓದುವುದನ್ನು ಕಲಿತರೆ ಯಾವ ಅಂಗಡಿಯಲ್ಲೂ ಆರಿಸಬಹುದು. ಮುಂಭಾಗದ ‘ಹೈಪೋಅಲರ್ಜೆನಿಕ್’, ‘ಡರ್ಮಟಾಲಜಿಕಲಿ ಟೆಸ್ಟೆಡ್’, ‘ನ್ಯಾಚುರಲ್’ ಎಂಬ ಮಾತುಗಳನ್ನು ಬಿಟ್ಟುಬಿಡಿ. ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಫಲ ಏನಾಯಿತು ಎಂಬುದನ್ನು ಅವು ಹೇಳುವುದಿಲ್ಲ.

ಪಟ್ಟಿಯಲ್ಲಿ ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತವೆ. ಮೊದಲು ನೀರು, ಆಮೇಲೆ ತೊಳೆಯುವ ಅಂಶಗಳು. ಶೇ 1 ಮತ್ತು ಅದಕ್ಕಿಂತ ಕಡಿಮೆಯವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಬಾಲದಲ್ಲಿರುವ ದಾಸವಾಳ, ಬೃಂಗರಾಜ, ಲೋಳೆಸರಗಳ ಉದ್ದ ಸಾಲು ನೋಡಿ ಮರುಳಾಗಬೇಡಿ. ನೀರಿನ ನಂತರದ ಮೂರು ಹೆಸರುಗಳೇ ನಿಮ್ಮ ನೆತ್ತಿಯ ಹಣೆಬರಹ ಬರೆಯುವುದು. ‘ಸೀಗೆಕಾಯಿ ಶಾಂಪೂ’ ಎಂಬ ಬಾಟಲಿಯಲ್ಲೂ ಆ ಮೂರು ಹೆಸರು ಬಹುಪಾಲು ಬೇರೆ ಶಾಂಪೂಗಳವೇ ಆಗಿರುತ್ತವೆ. ಸಣ್ಣ ಪ್ಯಾಕುಗಳಿಗೆ, ಅಂದರೆ ಸ್ಯಾಚೆಗಳಿಗೆ, ಈ ಪಟ್ಟಿ ಕಡ್ಡಾಯವಲ್ಲ. ಪಟ್ಟಿ ಇಲ್ಲದ ಸ್ಯಾಚೆ ನಿಮಗೆ ಬೇಡ.

ತೊಳೆಯುವ ಅಂಶಗಳಲ್ಲಿ ಹೆಚ್ಚು ಕೆರಳಿಸುವುದು ಸೋಡಿಯಂ ಲಾರಿಲ್ ಸಲ್ಫೇಟ್. ಚರ್ಮವನ್ನು ಬೇಕೆಂದೇ ಕೆರಳಿಸಿ ಅಧ್ಯಯನ ಮಾಡುವಾಗ ವೈದ್ಯ ಸಂಶೋಧಕರು ಇದನ್ನೇ ಬಳಸುತ್ತಾರೆ. ಅಮೋನಿಯಂ ಲಾರಿಲ್ ಸಲ್ಫೇಟ್ ಕೂಡ ಇದೇ ಕುಟುಂಬ. ಇದರ ಹೆಸರಿಗೆ ತುಂಬ ಹತ್ತಿರವಿರುವ ಸೋಡಿಯಂ ಲಾರೆತ್ ಸಲ್ಫೇಟ್ ಬೇರೆ ವಸ್ತು. ಅದರ ಅಣು ದೊಡ್ಡದು, ಚರ್ಮದೊಳಗೆ ಅಷ್ಟಾಗಿ ನುಗ್ಗುವುದಿಲ್ಲ, ಉರಿಯೂ ಕಡಿಮೆ. ನಮ್ಮ ಅಂಗಡಿಗಳ ಬಹುತೇಕ ಶಾಂಪೂಗಳಲ್ಲಿ ಇರುವುದು ಇದೇ. ‘ಲಾರಿಲ್’ ಇದೆಯೋ ‘ಲಾರೆತ್’ ಇದೆಯೋ ಎಂದು ಕನ್ನಡಕ ಹಾಕಿಕೊಂಡೇ ನೋಡಿ.

ಸಲ್ಫೇಟ್ ಇಲ್ಲ ಎಂದ ಮಾತ್ರಕ್ಕೆ ಸೌಮ್ಯವಲ್ಲ. ಸಲ್ಫೇಟ್ ತೆಗೆದು ಅದರ ಜಾಗದಲ್ಲಿ ಸೋಡಿಯಂ ಸಿ14-16 ಓಲಿಫಿನ್ ಸಲ್ಫೋನೇಟ್ ಹಾಕಿದ ಶಾಂಪೂಗಳು ಬಹಳ ಇವೆ. ಅದು ನೊರೆ ಚೆನ್ನಾಗಿ ಕೊಡುತ್ತದೆ, ಜಿಡ್ಡನ್ನೂ ಪೂರ್ತಿ ತೆಗೆಯುತ್ತದೆ, ಒಣ ನೆತ್ತಿಗೆ ಸಲ್ಫೇಟಿನಷ್ಟೇ ಬಿಗಿತ ತರುತ್ತದೆ. ನೀವು ಬಳಸಿದ ಸಲ್ಫೇಟ್ ಇಲ್ಲದ ಶಾಂಪೂವಿನ ಪಟ್ಟಿ ಮತ್ತೊಮ್ಮೆ ನೋಡಿ, ಎರಡನೇ ಹೆಸರು ಇದೇ ಆಗಿದ್ದರೆ ಆಶ್ಚರ್ಯವಿಲ್ಲ. ಹುಡುಕಬೇಕಾದ ಹೆಸರುಗಳು ಇವು: ಸೋಡಿಯಂ ಕೋಕೋಯಿಲ್ ಐಸೆಥಿಯೊನೇಟ್, ಸೋಡಿಯಂ ಮಿಥೈಲ್ ಕೋಕೋಯಿಲ್ ಟೌರೇಟ್, ಸೋಡಿಯಂ ಕೋಕೋಯಿಲ್ ಗ್ಲುಟಮೇಟ್, ಡೈಸೋಡಿಯಂ ಲಾರೆತ್ ಸಲ್ಫೋಸಕ್ಸಿನೇಟ್. ಕೊನೆಯದರಲ್ಲಿ ‘ಸಲ್ಫೋ’ ಎಂದಿದೆ ಎಂದು ಗಾಬರಿ ಬೇಡ, ಅದು ಸಲ್ಫೇಟ್ ಅಲ್ಲ, ಮೃದುವಾದದ್ದು. ಇವು ಮೊದಲ ಮೂರು ಹೆಸರಿನಲ್ಲಿದ್ದರೆ ಕೈಗೆ ತೆಗೆದುಕೊಳ್ಳಬಹುದು.

ಒಂದೇ ತೊಳೆಯುವ ಅಂಶ ಇರುವುದಕ್ಕಿಂತ ಎರಡು ಮೂರು ಬೆರೆತಿರುವುದು ಮೇಲು. ಬೇರೆ ಬೇರೆ ಜಾತಿಯ ಅಣುಗಳು ನೀರಿನಲ್ಲಿ ಒಟ್ಟಾಗಿ ಗುಂಪು ಕಟ್ಟಿಕೊಂಡಾಗ, ಒಂಟಿಯಾಗಿ ಉಳಿದು ಚರ್ಮಕ್ಕೆ ನುಗ್ಗುವ ಅಣುಗಳು ಕಡಿಮೆಯಾಗುತ್ತವೆ. ಲಾರೆತ್ ಸಲ್ಫೇಟ್ ಜೊತೆಗೆ ಕೋಕಮಿಡೊಪ್ರೊಪೈಲ್ ಬೀಟೇನ್ ಸೇರಿಸುವುದು ಈ ಕಾರಣಕ್ಕೂ ಹೌದು. ಹೀಗೆ ಚೆನ್ನಾಗಿ ಬೆರೆಸಿದ ಸಲ್ಫೇಟ್ ಶಾಂಪೂ, ಕೆಟ್ಟದಾಗಿ ಮಾಡಿದ ಸಲ್ಫೇಟ್ ಇಲ್ಲದ ಶಾಂಪೂಗಿಂತ ಹಿತವಾಗಿರಬಹುದು. ಸಲ್ಫೇಟ್ ಎಂಬ ಒಂದೇ ಪದಕ್ಕೆ ಅಂಟಿಕೊಂಡವರು ಇದನ್ನು ಒಪ್ಪುವುದಿಲ್ಲ, ಆದರೆ ಇದು ನಿಜ.

ಅಲರ್ಜಿಯ ಲೆಕ್ಕ ಇದಕ್ಕಿಂತ ಬೇರೆ. ಮೃದುವೆಂದು ಹೆಸರಾದ ಈ ಬೀಟೇನ್ ಅನ್ನೇ ಅಮೆರಿಕದ ಸಂಪರ್ಕ ಚರ್ಮರೋಗ (ವಸ್ತು ತಗುಲಿ ಬರುವ ಚರ್ಮರೋಗ) ತಜ್ಞರ ಸಂಘ 2004ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. ತಯಾರಿಕೆಯಲ್ಲಿ ಉಳಿದುಬಿಡುವ ಕಲ್ಮಶಗಳೇ ಅದಕ್ಕೆ ಮುಖ್ಯ ಕಾರಣ. ಸಕ್ಕರೆಯಿಂದ ಮಾಡುವ ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್, ಲಾರಿಲ್ ಗ್ಲುಕೋಸೈಡ್‌ಗಳಿಗೆ ಅದೇ ಹೆಸರು 2017ರಲ್ಲಿ ಬಂತು. ಬಹುಪಾಲು ಜನರಿಗೆ ಇವು ಏನೂ ಮಾಡುವುದಿಲ್ಲ, ಹಾಗಾಗಿ ಎಲ್ಲರೂ ಬಿಡಬೇಕಾಗಿಲ್ಲ. ಆದರೆ ಸೌಮ್ಯವಾದ ಶಾಂಪೂವಿನಲ್ಲೇ ಹಣೆಯಂಚು ಕೆಂಪಾಗುತ್ತಿದ್ದರೆ ಸಂಶಯ ಪಡಬೇಕಾದ ಹೆಸರುಗಳು ಇವು.

ಇದಕ್ಕಿಂತ ಹೆಚ್ಚು ಜನರನ್ನು ಕಾಡುವುದು ಸುವಾಸನೆ. ಪಟ್ಟಿಯಲ್ಲಿ ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರೆನ್ಸ್’ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳಿರಬಹುದು. ಲಿಮೋನೀನ್, ಲಿನಲೂಲ್ ಇವು ಗಾಳಿ ತಗುಲಿ ಹಳತಾದಾಗ ಹೆಚ್ಚು ಅಲರ್ಜಿ ತರುತ್ತವೆ, ಆದ್ದರಿಂದ ಬಚ್ಚಲಲ್ಲಿ ಮುಚ್ಚಳ ತೆರೆದೇ ವರ್ಷಗಟ್ಟಲೆ ಇರುವ ಬಾಟಲಿ ಬೇಡ. ‘ಅನ್‌ಸೆಂಟೆಡ್’ ಎಂದರೆ ವಾಸನೆ ತಿಳಿಯದಂತೆ ಇನ್ನೊಂದು ಸುಗಂಧ ಹಾಕಿ ಮುಚ್ಚಿರಲೂಬಹುದು. ನಿಮಗೆ ಬೇಕಾದದ್ದು ‘ಫ್ರೇಗ್ರೆನ್ಸ್ ಫ್ರೀ’. ಮುಂದೆ ಹಾಗೆ ಬರೆದಿದ್ದರೂ ಹಿಂದಿನ ಪಟ್ಟಿಯಲ್ಲಿ ಲ್ಯಾವೆಂಡರ್, ನಿಂಬೆ, ಪುದೀನ, ಟೀ ಟ್ರೀ ಎಣ್ಣೆಗಳಿದ್ದರೆ ಅವೂ ಸುಗಂಧವೇ, ಗಿಡದಿಂದ ಬಂದವು ಎಂದು ಚರ್ಮ ರಿಯಾಯಿತಿ ಕೊಡುವುದಿಲ್ಲ. ಮೆಂಥಾಲ್, ಕರ್ಪೂರ ಸೇರಿಸಿದ ‘ಕೂಲ್’ ಶಾಂಪೂಗಳು ಕೊಡುವ ತಂಪು ಒಂದು ಅನುಭವ ಅಷ್ಟೇ. ಕೆರಳಿದ ನೆತ್ತಿಗೆ ಅದೇ ಉರಿಯಾಗುತ್ತದೆ.

ಕೆಡದಂತೆ ಹಾಕುವ ವಸ್ತುಗಳನ್ನೂ ನೋಡಿ. ನೀರಿರುವ ಯಾವ ಶಾಂಪೂವೂ ಅವಿಲ್ಲದೆ ಉಳಿಯದು, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹಾಗಾಗಿ ಯಾವುದು ಇದೆ ಎಂಬುದಷ್ಟೇ ಪ್ರಶ್ನೆ. ಮಿಥೈಲ್ ಐಸೋಥಯಾಜೊಲಿನೋನ್ ಮತ್ತು ಮಿಥೈಲ್ ಕ್ಲೋರೋ ಐಸೋಥಯಾಜೊಲಿನೋನ್ ಎಂಬ ಎರಡು ಉದ್ದ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಲರ್ಜಿ ತರುವ ಇವು ನಿಮಗೆ ಬೇಡ. ಮೊದಲನೆಯದನ್ನು ಐರೋಪ್ಯ ಒಕ್ಕೂಟ ಚರ್ಮದ ಮೇಲೆ ಉಳಿಯುವ ಕ್ರೀಮುಗಳಲ್ಲಿ ನಿಷೇಧಿಸಿದೆ, ತೊಳೆದುಹೋಗುವ ಶಾಂಪೂಗಳಲ್ಲಿ ಶೇ 0.0015ಕ್ಕೆ ಮಿತಿಗೊಳಿಸಿದೆ. ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ, ಡಯಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಂ-15 ಇವು ಅಲರ್ಜಿ ತರುವ ಫಾರ್ಮಾಲ್ಡಿಹೈಡನ್ನು ನಿಧಾನವಾಗಿ ಹೊರಬಿಡುತ್ತವೆ, ನಿಮ್ಮಂಥ ಲಕ್ಷಣದವರು ಇವನ್ನು ಬಿಡಬೇಕು. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್, ಫಿನಾಕ್ಸಿಎಥನಾಲ್ ಇದ್ದರೆ ಅಷ್ಟು ಚಿಂತೆಯಿಲ್ಲ. ಸೋಡಿಯಂ ಬೆಂಜೊಯೇಟ್ ಕೆಲಸ ಮಾಡುವುದು ಆಮ್ಲೀಯ ದ್ರವದಲ್ಲಿ, ಆದ್ದರಿಂದ ಅದನ್ನೇ ಮುಖ್ಯವಾಗಿ ನೆಚ್ಚಿಕೊಂಡ ಶಾಂಪೂ ಚರ್ಮಕ್ಕೆ ಹೊಂದುವಷ್ಟು ಆಮ್ಲೀಯವಾಗಿರುತ್ತದೆ ಎಂದು ಊಹಿಸಬಹುದು. ಎಲ್ಲರೂ ಹೆದರುವ ಪ್ಯಾರಾಬೆನ್‌ಗಳು ಅಲರ್ಜಿಯ ಲೆಕ್ಕದಲ್ಲಿ ಬಹಳ ಸಾಧು. ಮೇಲೆ ಹೇಳಿದ ಅದೇ ಸಂಘ 2019ರಲ್ಲಿ ಅವನ್ನು ವರ್ಷದ ‘ಅಲರ್ಜಿಕಾರಕವಲ್ಲದ್ದು’ ಎಂದು ಕರೆಯಿತು. ಪ್ಯಾರಾಬೆನ್ ತೆಗೆದೆವು ಎಂದು ಐಸೋಥಯಾಜೊಲಿನೋನ್ ಸೇರಿಸಿದ ಶಾಂಪೂವಿನಿಂದ ನಿಮಗೆ ನಷ್ಟವೇ.

ಚರ್ಮದ ಮೇಲ್ಮೈ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 4.5ರಿಂದ 5.5. ಶಾಂಪೂ 5ರಿಂದ 6ರೊಳಗಿದ್ದರೆ ಒಳ್ಳೆಯದು. ಕೆಲವು ಬಾಟಲಿಗಳ ಮೇಲೆ ಬರೆದಿರುತ್ತದೆ. ಇಲ್ಲದಿದ್ದರೆ ಪಿಎಚ್ ಅಳೆಯುವ ಕಾಗದದ ಪಟ್ಟಿ ತಂದು, ಒಂದು ಚಮಚ ಶಾಂಪೂವಿಗೆ ಒಂಬತ್ತು ಚಮಚ ಆರ್‌ಒ ನೀರು ಬೆರೆಸಿ ಅದ್ದಿ ನೋಡಬಹುದು. ಮೈಗೆ ಹಾಕುವ ಸಾಬೂನಿನ ಪಿಎಚ್ 9ರಿಂದ 10, ಅದನ್ನು ತಲೆಗೆ ಹಾಕಲೇಬೇಡಿ. ಅಡುಗೆ ಸೋಡಾವೂ ಅಷ್ಟೇ.

ಮಕ್ಕಳ ಶಾಂಪೂ ನಿಮಗೆ ಏಕೆ ಒಗ್ಗಲಿಲ್ಲ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಅದನ್ನು ಮುಖ್ಯವಾಗಿ ಕಣ್ಣು ಉರಿಯದಂತೆ ಮಾಡಿರುತ್ತಾರೆ. ಹಾಗಾಗಿ ಪಿಎಚ್ ಅನ್ನು ಕಣ್ಣೀರಿನ ಹತ್ತಿರಕ್ಕೆ, ಅಂದರೆ 7ರ ಆಸುಪಾಸಿಗೆ ತಂದಿರುವುದುಂಟು, ಬೀಟೇನ್, ಗ್ಲುಕೋಸೈಡ್ ಜಾಸ್ತಿ, ‘ಮಗುವಿನ ವಾಸನೆ’ಯ ಸುಗಂಧವೂ ಇರುತ್ತದೆ. ದೊಡ್ಡವರ ಜಿಡ್ಡಿಗೆ ಅದು ಸಾಲದೆ ಎರಡು ಮೂರು ಸಲ ಹಾಕುವಂತಾಗುತ್ತದೆ, ಸೌಮ್ಯತೆಯೆಲ್ಲ ಅಲ್ಲೇ ಹೋಗುತ್ತದೆ.

ಬಾಟಲಿ ತಂದ ಮೇಲೆ

ನೇರ ತಲೆಗೆ ಸುರಿಯಬೇಡಿ. ಒಂದು ಚಮಚ ಶಾಂಪೂವಿಗೆ ಒಂಬತ್ತು ಚಮಚ ನೀರು ಬೆರೆಸಿ, ಮೊಣಕೈಯ ಒಳಮಡಿಕೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೆರಡು ಸಲ, ಏಳು ದಿನ. ಪ್ರತಿ ಸಲ ಹೊಸದಾಗಿ ಬೆರೆಸಿ. ಒಣಗಲು ಬಿಡಬೇಡಿ, ನೀರು ಬೆರೆಸದೆ ಹಚ್ಚಬೇಡಿ, ಪ್ಲಾಸ್ಟರ್ ಮುಚ್ಚಬೇಡಿ. ಹಾಗೆ ಮಾಡಿದರೆ ಎಂಥ ಸೌಮ್ಯ ಶಾಂಪೂವೂ ಚರ್ಮವನ್ನು ಕೆರಳಿಸುತ್ತದೆ, ಅದನ್ನು ಅಲರ್ಜಿಯೆಂದು ತಪ್ಪು ತಿಳಿಯುತ್ತೀರಿ. ಕೆಂಪು, ತುರಿಕೆ, ಸಣ್ಣ ಗುಳ್ಳೆ ಎದ್ದರೆ ಅಲ್ಲಿಗೆ ನಿಲ್ಲಿಸಿ. ಏನೂ ಆಗದಿದ್ದರೆ ತಲೆಗೆ ಹಾಕಬಹುದು, ಆದರೂ ಪೂರ್ತಿ ಭರವಸೆಯೆಂದು ತಿಳಿಯಬೇಡಿ. ಕೂದಲ ಬಣ್ಣವನ್ನು ಮಾತ್ರ ಮನೆಯಲ್ಲಿ ಹೀಗೆ ಪರೀಕ್ಷಿಸಬೇಡಿ, ನಿಮ್ಮ ಲಕ್ಷಣಕ್ಕೆ ಅದು ಅಪಾಯ.

ಸೌಮ್ಯ ಶಾಂಪೂ ನೊರೆ ಕಡಿಮೆ ಕೊಡುತ್ತದೆ, ಜಿಡ್ಡಿರುವ ಕೂದಲಲ್ಲಿ ಇನ್ನೂ ಕಡಿಮೆ. ನೊರೆ ಬರಲಿಲ್ಲ ಎಂದು ಮತ್ತೆ ಮತ್ತೆ ಸುರಿಯುವುದೇ ಎಲ್ಲರೂ ಮಾಡುವ ತಪ್ಪು. ಭುಜದವರೆಗಿನ ಕೂದಲಿಗೆ ಒಂದೂವರೆ ಚಮಚ, ಅಂದರೆ 7–8 ಮಿಲಿ, ಸೊಂಟದವರೆಗಿದ್ದರೆ 10–12 ಮಿಲಿ ಸಾಕು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಕೂದಲ ಬುಡದವರೆಗೆ ನೆನೆಸಿ. ಹಂಡೆಯಿಂದ ಮೊಗೆದ ಸುಡುನೀರು ನೆತ್ತಿಯ ಕೊಬ್ಬನ್ನು ಶಾಂಪೂವಿಗಿಂತ ಮೊದಲೇ ತೆಗೆದುಬಿಡುತ್ತದೆ, ತುರಿಕೆಯನ್ನೂ ಹೆಚ್ಚಿಸುತ್ತದೆ. ಅಳತೆಯ ಶಾಂಪೂವನ್ನು ಮಗ್ಗಿನಲ್ಲಿ ಅರ್ಧ ಲೋಟ ನೀರಿಗೆ ಬೆರೆಸಿ ಬುಡಕ್ಕೆ ಹುಯ್ಯಿರಿ, ಒಂದೇ ಜಾಗದಲ್ಲಿ ದಪ್ಪಗೆ ಕೂರುವುದು ತಪ್ಪುತ್ತದೆ. ಬೆರಳ ತುದಿಯಿಂದ, ಉಗುರು ತಗುಲದಂತೆ, ಒಂದು ನಿಮಿಷ ಉಜ್ಜಿ. ಕೂದಲ ಉದ್ದಕ್ಕೆ ಬೇರೆ ಶಾಂಪೂ ಬೇಡ, ಹರಿದುಬರುವ ನೊರೆಯೇ ಸಾಕು.

ತೊಳೆಯುವುದಕ್ಕೆ ಹಾಕಿದ್ದಕ್ಕಿಂತ ಎರಡರಷ್ಟು ಹೊತ್ತು ಕೊಡಿ, ಕನಿಷ್ಠ ಎರಡು ಮೂರು ನಿಮಿಷ. ಕಿವಿಯ ಹಿಂದೆ, ಕತ್ತಿನ ಬುಡ, ಹಣೆಯಂಚು ಇಲ್ಲಿ ನೊರೆ ಉಳಿಯುತ್ತದೆ, ನಿಮ್ಮ ಕೆಂಪು ಏಳುವುದೂ ಇಲ್ಲೇ. ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆದರೆ ನೊರೆ ಮುಖದ ಮೇಲೆ ಹರಿಯುವುದಿಲ್ಲ. ಬಕೆಟ್ ಸ್ನಾನವಾದರೆ ತಲೆಗೆ ಬೇರೆ ಬಕೆಟ್ ನೀರಿಟ್ಟುಕೊಳ್ಳಿ, ನೊರೆ ಬಿದ್ದ ನೀರನ್ನೇ ಮತ್ತೆ ಹುಯ್ದುಕೊಳ್ಳುವಂತಾಗಬಾರದು. ಕಂಡೀಷನರ್ ಬೇಕಿದ್ದರೆ ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ, ಅದರ ಪಟ್ಟಿಯನ್ನೂ ಶಾಂಪೂವಿನ ಹಾಗೇ ಓದಿ. ಬಾಟಲಿಯಲ್ಲಿ ಕೊನೆಗೆ ಉಳಿದದ್ದಕ್ಕೆ ನೀರು ಸೇರಿಸಿ ವಾರಗಟ್ಟಲೆ ಇಡಬೇಡಿ, ಕೆಡದಂತೆ ಹಾಕಿದ ವಸ್ತು ತೆಳುವಾಗಿ ಅದು ಕೆಡುತ್ತದೆ.

ವಾರಕ್ಕೆ ಎರಡು ಸಲ ತಲೆಸ್ನಾನ ಮಾಡಿ. ಹೆಲ್ಮೆಟ್ ಹಾಕಿ ಓಡಾಡಿ ಬೆವರುವವರಾದರೆ ಮೂರು ಸಲ. ಮೊದಲ ಎರಡು ವಾರ ಕೂದಲು ಸ್ವಲ್ಪ ಜಿಡ್ಡೆನಿಸಬಹುದು. ಶಾಂಪೂವನ್ನು ಒಪ್ಪುವುದೋ ಬಿಡುವುದೋ ಎಂಬ ತೀರ್ಮಾನ ನಾಲ್ಕು ವಾರದ ನಂತರ ಇರಲಿ, ತುರಿಕೆ ಕೆಂಪು ಎದ್ದರೆ ಮಾತ್ರ ಅಂದೇ ನಿಲ್ಲಿಸಿ.

ನೀರು ಮತ್ತು ಎಣ್ಣೆ

ಬೋರ್‌ವೆಲ್ ನೀರನ್ನು ಎಲ್ಲರೂ ದೂರುತ್ತಾರೆ, ಅರ್ಧ ನಿಜ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಪ್ಪಿಗೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ಬೆಂಗಳೂರಿನ ಹೊರವಲಯ, ಕೋಲಾರ, ತುಮಕೂರು, ಚಿತ್ರದುರ್ಗದ ಅನೇಕ ಬೋರ್‌ಗಳ ನೀರು ಗಡಸು. ಸಾಬೂನು ಇಂಥ ನೀರಿನಲ್ಲಿ ಒಡೆದು ಅಂಟಂಟು ಪದರವಾಗಿ ಕೂರುತ್ತದೆ. ಶಾಂಪೂ ಅಷ್ಟು ಒಡೆಯುವುದಿಲ್ಲ. ಆದರೆ ನೊರೆ ಕಡಿಮೆಯಾಗಿ ನೀವು ಹೆಚ್ಚು ಸುರಿಯುತ್ತೀರಿ, ಚರ್ಮದ ಮೇಲೆ ಹೆಚ್ಚು ಉಳಿಯುತ್ತದೆ, ಉರಿ ಅದರಿಂದ. ಪಟ್ಟಿಯಲ್ಲಿ ಡೈಸೋಡಿಯಂ ಇಡಿಟಿಎ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಇರುವ ಶಾಂಪೂ ಗಡಸು ನೀರಿಗೆ ಒಳ್ಳೆಯದು, ಅವು ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಹಿಡಿದಿಡುತ್ತವೆ. ಕೊನೆಯ ಒಂದೆರಡು ಚೊಂಬು ನೀರು ಮಾತ್ರ ಮಳೆನೀರೋ ಕಾವೇರಿ ನೀರೋ ಆರ್‌ಒ ನೀರೋ ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಉಳಿತಾಯಕ್ಕೆಂದು ಬಚ್ಚಲಿಗೆ ಬಿಟ್ಟುಕೊಳ್ಳುವವರಿದ್ದಾರೆ. ಅದು ನಲ್ಲಿಯ ನೀರಿಗಿಂತಲೂ ಗಡಸು, ನೆಲ ಒರೆಸಲು ಇರಲಿ, ತಲೆಗೆ ಬೇಡ. ಷವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳು ಕ್ಲೋರಿನ್ ತೆಗೆಯಬಹುದು, ಗಡಸುತನ ತೆಗೆಯುವುದಿಲ್ಲ. ಅದಕ್ಕೆ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಬೇಕು.

ಸೀಗೆಕಾಯಿ, ಅಂಟುವಾಳಕ್ಕೆ ಮರಳುತ್ತೇನೆ ಎನ್ನುವವರಿಗೆ ಒಂದು ಮಾತು. ಇವುಗಳಲ್ಲಿರುವ, ನೊರೆ ಬರಿಸುವ ಸಪೋನಿನ್ ಎಂಬ ಅಂಶ ನಿಜವಾಗಿಯೂ ತೊಳೆಯುತ್ತದೆ. ಸುಗಂಧ, ಕೆಡದಂತೆ ಹಾಕುವ ವಸ್ತು ಎರಡೂ ಇಲ್ಲದಿರುವುದು ಅಲರ್ಜಿಯವರಿಗೆ ದೊಡ್ಡ ಅನುಕೂಲ. ತೊಂದರೆ ಪುಡಿಯದ್ದು. ಒರಟು ಕಣ ಕೆರಳಿದ ನೆತ್ತಿಯನ್ನು ಗೀರುತ್ತದೆ, ಕೂದಲಲ್ಲಿ ಉಳಿದು ತುರಿಸುತ್ತದೆ. ಎರಡು ದೊಡ್ಡ ಚಮಚ ಪುಡಿಯನ್ನು 300 ಮಿಲಿ ನೀರಲ್ಲಿ ರಾತ್ರಿ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿ, ತಿಳಿ ಮಾತ್ರ ಬಳಸಿ, ಉಳಿದದ್ದನ್ನು ಅಂದೇ ಚೆಲ್ಲಿ. ಅಂಟುವಾಳ ಕಣ್ಣಿಗೆ ಬಿದ್ದರೆ ಬಹಳ ಉರಿ. ದಾಸವಾಳ ಎಲೆಯ ಲೋಳೆ ಹಿತವಾಗಿದೆ, ಎಣ್ಣೆ ತೆಗೆಯುವ ಶಕ್ತಿ ಕಡಿಮೆ. ಎಣ್ಣೆ ಹಚ್ಚದೇ ಇರುವ ದಿನ ಸಾಕಾಗುತ್ತದೆ.

ಎಣ್ಣೆಯ ಬಗ್ಗೆ ಹೇಳಿದರೆ ಮನೆಯ ಹಿರಿಯರಿಗೆ ಬೇಸರವಾಗಬಹುದು. ಬರೀ ಒಣ ನೆತ್ತಿಯಾದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಒಂದೆರಡು ಚಮಚ ಶುದ್ಧ ಕೊಬ್ಬರಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಟ್ಟಿದ್ದರೆ ಅದು ಶಿಲೀಂಧ್ರಕ್ಕೆ ಹಾಕಿದ ಊಟ. ರಾತ್ರಿಯಿಡೀ ಎಣ್ಣೆ ಬಿಡುವುದು, ಅದನ್ನು ತೆಗೆಯಲು ಎರಡು ಸಲ ಶಾಂಪೂ ಹಾಕುವುದು, ಅದರಿಂದ ಒಣಗಿತೆಂದು ಮತ್ತೆ ಎಣ್ಣೆ ಹಚ್ಚುವುದು, ಈ ಸುತ್ತಿನಿಂದ ಹೊರಬನ್ನಿ.

ಹೊಟ್ಟಿನ ಲಕ್ಷಣ ನಿಮ್ಮಲ್ಲಿದ್ದರೆ ಸೌಮ್ಯ ಶಾಂಪೂ ಒಂದರಿಂದಲೇ ಅದು ಹೋಗದು. ಕೀಟೊಕೊನಜೋಲ್ ಶೇ 2ರ ಶಾಂಪೂವನ್ನು ವಾರಕ್ಕೆರಡು ಸಲ, ಎರಡರಿಂದ ನಾಲ್ಕು ವಾರ ಬಳಸಬೇಕಾಗುತ್ತದೆ. ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು, ಕೂಡಲೇ ತೊಳೆದರೆ ಹಣ ನೀರಿಗೆ ಹೋದಂತೆ. ನಂತರ ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಉಳಿದ ದಿನ ನಿಮ್ಮ ಸೌಮ್ಯ ಶಾಂಪೂ. ಗರ್ಭಿಣಿಯರು, ಹಾಲೂಡಿಸುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಔಷಧಿ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಲೋಷನ್ನನ್ನು ನೀವಾಗಿಯೇ ಹಚ್ಚಬೇಡಿ. ಎರಡು ದಿನಕ್ಕೆ ಹಾಯೆನಿಸುತ್ತದೆ, ಹಣೆಗೆ ಹರಿದು ಅಲ್ಲಿನ ಚರ್ಮ ತೆಳುವಾಗುತ್ತದೆ, ನಿಜವಾದ ರೋಗ ಮುಚ್ಚಿಹೋಗುತ್ತದೆ.

ಬಣ್ಣ ನಿಲ್ಲಿಸಿ, ಸುಗಂಧವಿಲ್ಲದ ಶಾಂಪೂವಿಗೆ ಬದಲಿಸಿ ಎಂಟು ವಾರವಾದರೂ ಹಣೆಯಂಚಿನ ಕೆಂಪು ಮರುಕಳಿಸಿದರೆ ಚರ್ಮವೈದ್ಯರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿ. ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಕೇಳಿ ನೋಡಿ. ಬೆನ್ನಿನ ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನಿಗೆ ನೀರು, ಬೆವರು ತಾಗಬಾರದು, ಹಾಗಾಗಿ ಬೇಸಿಗೆಯ ಮದುವೆ ಓಡಾಟದ ವಾರ ಬೇಡ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ತಪ್ಪಾಗುತ್ತದೆ. ಪಿಪಿಡಿ, ಸುಗಂಧ ಮಿಶ್ರಣ, ಐಸೋಥಯಾಜೊಲಿನೋನ್ ಸಾಮಾನ್ಯವಾಗಿ ಆ ಪರೀಕ್ಷೆಯಲ್ಲಿ ಸೇರಿರುತ್ತವೆ. ಹೋಗುವಾಗ ಶಾಂಪೂ ಬಾಟಲಿ, ಬಣ್ಣದ ಪೊಟ್ಟಣ, ಎಣ್ಣೆ, ಕಂಡೀಷನರ್ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ಯಿರಿ, ಕೆಂಪು ಜೋರಾಗಿದ್ದ ದಿನದ ಫೋಟೋ ಫೋನಿನಲ್ಲಿರಲಿ, ಆ ಕ್ಯಾಲೆಂಡರನ್ನೂ ಮರೆಯಬೇಡಿ.

ಇಷ್ಟು ಕಾಯದೆ ಕೂಡಲೇ ಹೋಗಬೇಕಾದದ್ದು ರೆಪ್ಪೆ ಅಥವಾ ಮುಖ ಊದಿಕೊಂಡರೆ, ಕೀವು ಅಥವಾ ನೀರು ಒಸರಿದರೆ, ಕೂದಲು ತೇಪೆತೇಪೆಯಾಗಿ ಉದುರಿದರೆ, ಬೆಳ್ಳಿಯಂಥ ದಪ್ಪ ಸಿಪ್ಪೆ ಏಳುತ್ತಿದ್ದರೆ, ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿದರೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದು ಅವರೂ ತಲೆ ಕೆರೆದುಕೊಳ್ಳುತ್ತಿದ್ದರೆ ಹೊಸ ಶಾಂಪೂ ಕೊಳ್ಳುವ ಮೊದಲು ಬೆಳಕಿನಲ್ಲಿ ಕೂರಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಲ್ಲರ ತಲೆಯಲ್ಲೂ ಹೇನು, ಸೀರು ಹುಡುಕಿ.